ಮಲಾಕಾದಲ್ಲಿ ಅಪ್ಪನ ಜತೆ ಒಂದು ದಿನ

ಕ್ವಾಲಾಲಂಪುರಕ್ಕೆ ಬಂದು ಮೂರು ವರ್ಷವಾದರೂ ನಾವು ಮಲಾಕಾ ನೋಡಿರಲಿಲ್ಲ. ಬಸ್ಸಿನಲ್ಲಿ ಎರಡು ಗಂಟೆಯ ದಾರಿ, ಹೆಚ್ಚುಕಡಿಮೆ ಬೆಂಗಳೂರು-ಮೈಸೂರಿನಷ್ಟೇ ದೂರ. ಹತ್ತಿರ ಇರೋದನ್ನ ಯಾವಾಗ ಬೇಕಾದ್ರೂ ನೋಡಬಹುದು ಅಂತ ಮುಂದೂಡುವುದರಲ್ಲಿ ನಂದು ಎತ್ತಿದ ಕೈ. ಬೆಂಗಳೂರಲ್ಲಿ ಐದು ವರ್ಷ ಕೆಲಸ ಮಾಡಿಯೂ ಟಿಪ್ಪುವಿನ ಬೇಸಿಗೆ ಅರಮನೆ ನೋಡದವಳು ನಾನು.

ಕೊನೆಗೂ ಹೋಗಿದ್ದು ಅಪ್ಪನಿಗೋಸ್ಕರ. ಅಮ್ಮ ಹೋಗಿ ಒಂದೂವರೆ ವರ್ಷ. ಹೊನ್ನಾವರದ ಮನೆಯಲ್ಲಿ ಅಪ್ಪ ಒಬ್ಬರೇ. "ಒಂದು ತಿಂಗಳಾದ್ರೂ ಬಂದು ಇರು" ಅಂತ ಹಠ ಹಿಡಿದು ಕರೆಸಿಕೊಂಡಿದ್ದೆ. ಬಂದವರು ಹತ್ತೊಂಬತ್ತನೇ ಮಹಡಿಯ ಬಾಲ್ಕನಿಯಲ್ಲಿ ಕೂತು ಕೆಳಗಿನ ಹೈವೇ ನೋಡೋದು, ಪುಟ್ಟಿಯನ್ನು ಪ್ಲೇ ಸ್ಕೂಲಿಂದ ಕರೆತರೋದು, ಇಷ್ಟರಲ್ಲೇ ಮೂರು ವಾರ ಕಳೆದಿದ್ದರು. "ಆರಾಮಿದೀನೆ ಮಾರಾಯ್ತಿ, ಎಲ್ಲಿಗೂ ಬೇಡ" ಅನ್ನುತ್ತಿದ್ದರು.

ಇನ್ನೊಂದು ವಿಷಯ ಹೇಳಿಬಿಡುತ್ತೇನೆ. ಆ ವಾರ ನನ್ನ ಇನ್‌ಬಾಕ್ಸಿನಲ್ಲಿ ಒಂದು ಮೇಲ್ ಕೂತಿತ್ತು. ಕಂಪನಿ ನನ್ನ ಕೆಲಸದ ಪಾಸನ್ನು ಇನ್ನೆರಡು ವರ್ಷಕ್ಕೆ ನವೀಕರಿಸಲು ತಯಾರಿತ್ತು, ಸೋಮವಾರದೊಳಗೆ ಒಪ್ಪಿಗೆ ಕೊಡಬೇಕಿತ್ತು. ಅಪ್ಪನಿಗೆ ನಾನು ಹೇಳಿರಲಿಲ್ಲ. ಆದರೆ ಎರಡು ಬೆಡ್‌ರೂಮಿನ ಫ್ಲ್ಯಾಟಿನಲ್ಲಿ ಗಂಡ-ಹೆಂಡತಿ ರಾತ್ರಿ ಹನ್ನೊಂದಕ್ಕೆ ಮಾತಾಡಿದ್ದು ಯಾರಿಗೆ ಕೇಳಿಸಲ್ಲ ಹೇಳಿ?

ಶನಿವಾರ ಗಂಡನಿಗೆ ರಿಲೀಸ್ ಇತ್ತು, ಅವರು ಲ್ಯಾಪ್‌ಟಾಪ್ ಬಿಟ್ಟು ಏಳುವ ಹಾಗಿರಲಿಲ್ಲ. ನಾನು, ಅಪ್ಪ, ನಾಲ್ಕು ವರ್ಷದ ಪುಟ್ಟಿ ಬೆಳಗ್ಗೆ ಟಿಬಿಎಸ್ ನಿಲ್ದಾಣದಲ್ಲಿ ಬಸ್ ಹತ್ತಿದೆವು. ದಾರಿಯುದ್ದಕ್ಕೂ ತಾಳೆ ಎಣ್ಣೆಯ ತೋಟ. ಮೊದಲ ಹತ್ತು ನಿಮಿಷ ಅಡಿಕೆ ತೋಟ ನೋಡಿದ ಹಾಗೆ ಖುಷಿ, ಆಮೇಲೆ ನಿದ್ದೆ.

ಮಲಾಕಾ ಸೆಂಟ್ರಲ್‌ನಲ್ಲಿ ಇಳಿದು ಗ್ರ್ಯಾಬ್ ಹಿಡಿದರೆ ಹತ್ತು-ಹದಿನೈದು ನಿಮಿಷಕ್ಕೆ ಡಚ್ ಸ್ಕ್ವೇರ್. ಫೋಟೊಗಳಲ್ಲಿ ನೀವು ನೋಡಿರುವ ಮಲಾಕಾ ಇದೇ. ಎಲ್ಲ ಕೆಂಪು. 1650ರ ಸುಮಾರಿಗೆ ಡಚ್ಚರು ಗವರ್ನರನಿಗಾಗಿ ಕಟ್ಟಿದ ಸ್ಟಾಡ್‌ಹೌಸ್, ಪಕ್ಕದಲ್ಲಿ 1753ರ ಕ್ರೈಸ್ಟ್ ಚರ್ಚ್, ನಡುವೆ ಗಡಿಯಾರ ಗೋಪುರ. ಎದುರಿಗೆ ಸಾಲಾಗಿ ನಿಂತ ಸೈಕಲ್ ರಿಕ್ಷಾಗಳು. ಒಂದಕ್ಕೆ ಹಲೋ ಕಿಟ್ಟಿ ವೇಷ, ಇನ್ನೊಂದಕ್ಕೆ ಪಿಕಾಚು, ಎಲ್ಲದರ ಸ್ಪೀಕರಿನಿಂದಲೂ ಎದೆ ನಡುಗುವಂಥ ಹಾಡು. ನಮ್ಮೂರ ಗಣಪತಿ ವಿಸರ್ಜನೆಯ ಟ್ರ್ಯಾಕ್ಟರ್‌ಗಳೇ ವಾಸಿ. ಪುಟ್ಟಿಗೆ ಸ್ವರ್ಗ. ಒಂದು ಸುತ್ತು ಹಾಕಿಸದೆ ಬಿಡಲಿಲ್ಲ.

ಊರಿನ ಕಥೆ ಚಿಕ್ಕದಾಗಿ ಹೇಳುವುದಾದರೆ: ಸುಮಾರು 1400ರಲ್ಲಿ ಪರಮೇಶ್ವರ ಎಂಬ ರಾಜಕುಮಾರ ಸುಮಾತ್ರಾ ಕಡೆಯಿಂದ ಓಡಿ ಬಂದು ಇಲ್ಲಿ ರಾಜ್ಯ ಕಟ್ಟಿದ. ಅವನ ವಂಶದ ಸುಲ್ತಾನರ ಕಾಲದಲ್ಲಿ ಇದು ಪೂರ್ವದ ಅತಿ ದೊಡ್ಡ ಬಂದರುಗಳಲ್ಲಿ ಒಂದಾಯಿತು. 1511ರಲ್ಲಿ ಪೋರ್ಚುಗೀಸರು ಬಂದರು. 1641ರಲ್ಲಿ ಡಚ್ಚರು. 1824ರ ಒಪ್ಪಂದದಲ್ಲಿ ಡಚ್ಚರು ಇದನ್ನು ಬ್ರಿಟಿಷರಿಗೆ ಬಿಟ್ಟುಕೊಟ್ಟು ಬದಲಿಗೆ ಸುಮಾತ್ರಾದ ಬೆಂಕೂಲೆನ್ ತೆಗೆದುಕೊಂಡರು. ಸೈಟ್ ಎಕ್ಸ್‌ಚೇಂಜ್ ಮಾಡ್ಕೊಂಡ ಹಾಗೆ. ಊರಿನಲ್ಲಿದ್ದವರನ್ನು ಯಾರೂ ಕೇಳಲಿಲ್ಲ.

ಪರಮೇಶ್ವರ ಈ ಜಾಗವನ್ನೇ ಯಾಕೆ ಆರಿಸಿಕೊಂಡ ಅನ್ನೋದಕ್ಕೆ ಒಂದು ಕಥೆ ಇದೆ. ಅವನ ಬೇಟೆನಾಯಿಗಳು ಮೊಲದಷ್ಟೇ ಗಾತ್ರದ ಒಂದು ಪುಟ್ಟ ಜಿಂಕೆಯನ್ನು ಅಟ್ಟಿಸಿಕೊಂಡು ಬಂದವಂತೆ. ಅದು ತಿರುಗಿ ನಿಂತು ನಾಯಿಯನ್ನು ಒದ್ದು ನೀರಿಗೆ ಬೀಳಿಸಿತಂತೆ. ನಾನು ಫೋನ್ ನೋಡಿ ಓದಿ ಹೇಳುತ್ತಿದ್ದೆ. ಅಪ್ಪ ಮಧ್ಯದಲ್ಲೇ ನಕ್ಕರು.

"ಇದು ಹಂಪಿದು. ಮೊಲ ನಾಯಿಯನ್ನ ಅಟ್ಟಿಸ್ಕೊಂಡು ಹೋದದ್ದು."

ಹಕ್ಕ-ಬುಕ್ಕರ ಕಥೆ ನಾವೆಲ್ಲ ಪ್ರೈಮರಿ ಸ್ಕೂಲಿನಲ್ಲಿ ಓದಿದ್ದೇ ತಾನೇ. ಪರಮೇಶ್ವರ ಆಗ ಒರಗಿ ಕೂತಿದ್ದ ಮರದ ಹೆಸರೇ ಊರಿಗೆ ಬಂತು ಅನ್ನುತ್ತಾರೆ. ಆ ಮಲಾಕಾ ಮರ ಬೇರೇನೂ ಅಲ್ಲ, ನೆಲ್ಲಿ. ಸಂಸ್ಕೃತದ ಆಮಲಕ. ಇಷ್ಟು ದೂರ ಬಂದು ನೆಲ್ಲಿಕಾಯಿ ಊರಿಗೆ ಬಂದೆವಾ ಅಂತ ಅಪ್ಪನಿಗೆ ತಮಾಷೆ.

ಅಲ್ಲಿಂದ ಸ್ವಲ್ಪ ನಡೆದರೆ ಅ ಫಾಮೋಸಾ. ಗೆದ್ದ ಕೂಡಲೇ ಅಲ್ಬುಕರ್ಕ್ ಕಟ್ಟಿಸಿದ ದೊಡ್ಡ ಕೋಟೆ. ಸುಲ್ತಾನರ ಮಸೀದಿ, ಗೋರಿಗಳನ್ನು ಕೆಡವಿ ಅದೇ ಕಲ್ಲಿನಲ್ಲಿ ಕಟ್ಟಿದ್ದು. ಈಗ ಉಳಿದಿರುವುದು ಒಂದೇ ಒಂದು ಬಾಗಿಲು. ಆ ಪೋರ್ಚುಗೀಸ್ ಬಾಗಿಲಿನ ನೆತ್ತಿಯ ಮೇಲೆ ಡಚ್ ಕಂಪನಿಯ ಲಾಂಛನ, ಕೆಳಗೆ 1670 ಎಂಬ ಇಸವಿ. ಬ್ರಿಟಿಷರು 1807ರಲ್ಲಿ ಕೋಟೆಯನ್ನೇ ಒಡೆದು ಹಾಕಲು ಶುರು ಮಾಡಿದರು, ನಾಳೆ ಡಚ್ಚರಿಗೆ ವಾಪಸ್ ಕೊಡಬೇಕಾಗಿ ಬಂದರೆ ಅವರಿಗೆ ಉಪಯೋಗಕ್ಕೆ ಬರಬಾರದು ಅಂತ. ಮುಂದೆ ಸಿಂಗಪುರ ಸ್ಥಾಪಿಸಿದ ರಾಫಲ್ಸ್ ಮಧ್ಯೆ ಬಂದು ತಡೆದದ್ದರಿಂದ ಇಷ್ಟು ಉಳಿದಿದೆ. ನಮ್ಮ ಪ್ರಾಜೆಕ್ಟಿನಲ್ಲೂ ಹೀಗೇ. ಒಬ್ಬ ವೆಂಡರ್ ಬರೆದ ಕೋಡಿಗೆ ಇನ್ನೊಬ್ಬ ತನ್ನ ಹೆಸರು ಹಾಕುತ್ತಾನೆ, ಮೂರನೆಯವನು ಬಂದು ಡಿಲೀಟ್ ಮಾಡುತ್ತಾನೆ.

ಬಾಗಿಲ ಹಿಂದಿನ ಮೆಟ್ಟಿಲು ಹತ್ತಿದರೆ ಗುಡ್ಡದ ಮೇಲೆ ಸೇಂಟ್ ಪಾಲ್ ಚರ್ಚು. ಮಾಡಿಲ್ಲ, ಗೋಡೆ ಮಾತ್ರ. ಬಿಸಿಲಿಗೆ ನನಗೇ ಏದುಸಿರು. ಅಪ್ಪ ನಿಧಾನಕ್ಕೆ ಹತ್ತಿ ಬಂದರು. ಒಳಗೆ ನೆಲದಲ್ಲಿ ಒಂದು ಗುಂಡಿ, ಮೇಲೆ ತಂತಿಬಲೆ, ಒಳಗೆ ಜನ ಹಾಕಿದ ಚಿಲ್ಲರೆ ದುಡ್ಡು. ಸಂತ ಫ್ರಾನ್ಸಿಸ್ ಝೇವಿಯರ್ ಚೀನಾದ ಹತ್ತಿರದ ದ್ವೀಪದಲ್ಲಿ ತೀರಿಕೊಂಡ ಮೇಲೆ, 1553ರಲ್ಲಿ ದೇಹವನ್ನು ಗೋವಾಕ್ಕೆ ಒಯ್ಯುವ ಮೊದಲು ಕೆಲವು ತಿಂಗಳು ಇಲ್ಲಿ ಹೂತಿಟ್ಟಿದ್ದರು.

ಅಪ್ಪ ಬಗ್ಗಿ ನೋಡಿದರು. "ಇವರನ್ನ ನಾನು ನೋಡಿದ್ದೆ" ಅಂದರು.

ಪಕ್ಕದ ಮನೆಯವರ ಬಗ್ಗೆ ಹೇಳಿದಂತೆ ಹೇಳಿದರು. 1984ರ ಕೊನೆಯಲ್ಲಿ ಹಳೇ ಗೋವಾದಲ್ಲಿ ಸಂತರ ದೇಹವನ್ನು ಜನರ ದರ್ಶನಕ್ಕೆ ಇಟ್ಟಿದ್ದಾಗ ಆಫೀಸಿನ ಕ್ರಿಶ್ಚಿಯನ್ ಗೆಳೆಯರ ಜತೆ ಬಸ್ಸಿನಲ್ಲಿ ಹೋಗಿದ್ದರಂತೆ. "ಗಂಟೆಗಟ್ಟಲೆ ಕ್ಯೂ. ನಿನ್ನ ಅಮ್ಮನೂ ಇದ್ಲು. ಮದುವೆಯಾದ ಹೊಸತು." ಈ ಕಥೆ ನನಗೆ ಗೊತ್ತೇ ಇರಲಿಲ್ಲ. ಆಮೇಲೆ ಹೊರಗೆ ಬಲಗೈ ಮುರಿದ ಸಂತರ ಪ್ರತಿಮೆಯ ಪಕ್ಕ ನಿಂತು ದೂರದ ಸಮುದ್ರ ನೋಡುತ್ತಾ ಸುಮಾರು ಹೊತ್ತು ಸುಮ್ಮನಿದ್ದರು. ಪ್ರತಿಮೆ ಇಟ್ಟ ಮರುದಿನವೇ ಗಾಳಿಮರ ಬಿದ್ದು ಕೈ ಹೋಯಿತಂತೆ. ವಿಚಿತ್ರವೆಂದರೆ ಸಂತರ ನಿಜವಾದ ಬಲಗೈಯನ್ನೂ 1614ರಲ್ಲಿ ಬೇರ್ಪಡಿಸಿ ರೋಮಿಗೆ ಕಳಿಸಿದ್ದರು.

ಗುಡ್ಡ ಇಳಿದು ನದಿಯ ಬಳಿ ಬಂದರೆ ಒಂದು ಆಳೆತ್ತರದ, ಅಲ್ಲ, ಮನೆಯೆತ್ತರದ ಮರದ ಹಡಗು. ಫ್ಲೋರ್ ಡೆ ಲಾ ಮಾರ್ ಎಂಬ ಪೋರ್ಚುಗೀಸ್ ಹಡಗಿನ ನಕಲು, ಒಳಗೆ ಮ್ಯೂಸಿಯಂ. ಮೂಲ ಹಡಗು ಗೋವಾದ ಯುದ್ಧದಲ್ಲೂ ಇತ್ತು, ಇಲ್ಲಿನ ಯುದ್ಧದಲ್ಲೂ ಇತ್ತು. ಮಲಾಕಾದಲ್ಲಿ ದೋಚಿದ್ದನ್ನೆಲ್ಲ ತುಂಬಿಕೊಂಡು ಹೊರಟದ್ದು 1511ರ ನವೆಂಬರಿನಲ್ಲಿ ಸುಮಾತ್ರಾದ ಹತ್ತಿರ ಬಿರುಗಾಳಿಗೆ ಸಿಕ್ಕಿ ಮುಳುಗಿತು. ಅಲ್ಬುಕರ್ಕ್ ಬದುಕಿಕೊಂಡ, ಸಂಪತ್ತು ಹೋಯಿತು.

ಇಲ್ಲಿ ಅಪ್ಪನ ಮುಖ ಬದಲಾಯಿತು. ನಮ್ಮಪ್ಪ ಸರ್ಕಾರಿ ಆಫೀಸಿನಲ್ಲಿ ಗುಮಾಸ್ತರಾಗಿದ್ದವರು, ಆದರೆ ಇತಿಹಾಸದ ಪುಸ್ತಕ ಸಿಕ್ಕರೆ ಊಟ ಬಿಡುವವರು.

"ಗೋವಾಕ್ಕೆ ಇವರನ್ನ ಕರ್ಕೊಂಡು ಹೋದದ್ದು ಯಾರು ಗೊತ್ತುಂಟಾ? ನಮ್ಮ ಹೊನ್ನಾವರದ ತಿಮ್ಮಯ್ಯ."

ಪೋರ್ಚುಗೀಸರ ದಾಖಲೆಗಳಲ್ಲಿ ತಿಮೋಜ ಎಂದು ಬರುವವನು. ಹೊನ್ನಾವರದ ಕಡೆಯ ಸಮುದ್ರದಲ್ಲಿ ತನ್ನದೇ ಹಡಗುಗಳಿಟ್ಟುಕೊಂಡು, ಯುದ್ಧ, ವ್ಯಾಪಾರ, ಲೂಟಿ ಎಲ್ಲ ಮಾಡುತ್ತಿದ್ದವನು. 1505ರಲ್ಲಿ ಪೋರ್ಚುಗೀಸರು ಹೊನ್ನಾವರ ಬಂದರಿಗೆ ಬಂದು ಹಡಗು ಸುಟ್ಟಿದ್ದರು. ಆಮೇಲೆ ಇವನೇ ಅವರ ಜತೆ ಸೇರಿಕೊಂಡ. 1510ರಲ್ಲಿ ಅಲ್ಬುಕರ್ಕ್ ಬೇರೆಲ್ಲಿಗೋ ಹೊರಟಿದ್ದವನು. ಬಿಜಾಪುರದವರ ಕೈಯಲ್ಲಿದ್ದ ಗೋವಾ ಈಗ ಸುಲಭಕ್ಕೆ ಸಿಗುತ್ತೆ, ಅಲ್ಲಿಗೆ ಹೋಗಿ ಅಂತ ತಿರುಗಿಸಿದ್ದು ತಿಮ್ಮಯ್ಯ. ಆ ವರ್ಷ ನವೆಂಬರಿನಲ್ಲಿ ಗೋವಾ ಪೂರ್ತಿಯಾಗಿ ಅವರ ಕೈಸೇರಿತು. ಮರುವರ್ಷ ಆಗಸ್ಟಿನಲ್ಲಿ ಮಲಾಕಾ.

"ಅವ ಗೋವಾ ತನಗೆ ಸಿಗ್ತದೆ ಅಂತ ಮಾಡಿದ" ಅಂದರು ಅಪ್ಪ. "ಇವರು ಇಷ್ಟು ದೂರ ಬಂದು ಈ ಜನರ ಮಸೀದಿ ಕಿತ್ತು ಕೋಟೆ ಕಟ್ತಾರೆ ಅಂತ ಎಣಿಸಿರ್ಲಿಕ್ಕಿಲ್ಲ."

ಬೆಳಗ್ಗೆಯಿಂದ ನಾನು ನೋಡುತ್ತಿದ್ದದ್ದು ಯಾರದೋ ಊರು, ಯಾರದೋ ಇತಿಹಾಸ ಅಂತ. ಆ ಮಾತಾದ ಮೇಲೆ ಹಡಗಿನ ಮುಂದೆ ಸೆಲ್ಫಿ ತೆಗೆಯೋಕೆ ಒಂಥರಾ ಆಯ್ತು. ತೆಗೆದೆ, ಬಿಡಿ. ಪುಟ್ಟಿ ಬಿಡಲಿಲ್ಲ.

ನದಿ ದಾಟಿದರೆ ಜಾಂಕರ್ ಸ್ಟ್ರೀಟ್. ಮಲಾಕಾಕ್ಕೆ ಹೋದರೆ ಚೆಂಡೋಲ್ ತಿನ್ನದೆ ಬರಬೇಡಿ. ಅಕ್ಕಿ ಹಿಟ್ಟಿನ ಹಸಿರು ಶ್ಯಾವಿಗೆ, ತೆಂಗಿನ ಹಾಲು, ಪುಡಿ ಮಾಡಿದ ಐಸು, ಮೇಲೆ ಗುಲಾ ಮಲಾಕಾ, ಅಂದರೆ ತೆಂಗಿನ ಹೂಗೊನೆಯ ನೀರಾದಿಂದ ಮಾಡಿದ ಬೆಲ್ಲದ ಪಾಕ. ಅಪ್ಪ ಚಮಚ ಬಾಯಿಗಿಟ್ಟು, "ಜೋನಿ ಬೆಲ್ಲ!" ಅಂದರು. ಉತ್ತರ ಕನ್ನಡದವರಿಗೆ ಇದಕ್ಕಿಂತ ದೊಡ್ಡ ಸರ್ಟಿಫಿಕೇಟ್ ಇಲ್ಲ. ಇನ್ನೊಂದು ಕಪ್ ತರಿಸಿದೆವು. ಅಪ್ಪನ ಶುಗರ್ ರಿಪೋರ್ಟ್ ಬಗ್ಗೆ ಯಾರೂ ಕೇಳಬೇಡಿ.

ಅಲ್ಲೇ ಪಕ್ಕದ ಬೀದಿಯಲ್ಲಿ 1748ರ ಮಸೀದಿ, 1781ರ ವಿನಾಯಕ ದೇವಸ್ಥಾನ, ಅದಕ್ಕೂ ಹಳೆಯ ಚೀನೀ ದೇವಸ್ಥಾನ, ಮೂರೂ ಒಂದರ ಹಿಂದೊಂದು. ವಿನಾಯಕನ ಮುಂದೆ ಕೈಮುಗಿದು ಕೂತಾಗ ಅಪ್ಪ ಕೇಳಿದರು: "ಇಲ್ಲಿ ಅಷ್ಟು ಹಿಂದೆ ದೇವಸ್ಥಾನ ಕಟ್ಟಿದವ್ರು ಯಾರು?"

ಅದಕ್ಕೆ ಉತ್ತರ ಗಾಳಿಯಲ್ಲಿದೆ. ಹಾಯಿ ಹಡಗಿನ ಕಾಲ. ನಮ್ಮ ಕಡೆಯಿಂದ ಮುಂಗಾರಿನ ಗಾಳಿ ಹಿಡಿದು ಪೂರ್ವಕ್ಕೆ ಬಂದ ವ್ಯಾಪಾರಿಗಳು ವಾಪಸ್ ಹೋಗಬೇಕಾದರೆ ಗಾಳಿ ತಿರುಗಬೇಕು, ಅದಕ್ಕೆ ತಿಂಗಳುಗಟ್ಟಲೆ ಕಾಯಬೇಕು. ಚೀನಾದವರಿಗೆ ಇದರ ಉಲ್ಟಾ. ಎರಡೂ ಗಾಳಿ ಸೇರುವ ಮಲಾಕಾದಲ್ಲಿ ಎಲ್ಲರೂ ಕಾಯುತ್ತಿದ್ದರು. ಸುಲ್ತಾನರು ನಾಲ್ವರು ಶಾಬಂದರರನ್ನು, ಅಂದರೆ ಬಂದರು ಅಧಿಕಾರಿಗಳನ್ನು ಇಟ್ಟಿದ್ದರು. ಗುಜರಾತಿಗಳಿಗೇ ಒಬ್ಬ, ದಕ್ಷಿಣ ಭಾರತ, ಬಂಗಾಳದ ಕಡೆಯವರಿಗೆ ಇನ್ನೊಬ್ಬ, ಹೀಗೆ. ಕಾಯುತ್ತಾ ಕೂತವರಲ್ಲಿ ಕೆಲವರು ಇಲ್ಲಿನ ಹೆಣ್ಣುಮಕ್ಕಳನ್ನು ಮದುವೆಯಾದರು. ಗಾಳಿ ತಿರುಗಿತು, ಅವರು ಹೋಗಲಿಲ್ಲ. ಆ ತಮಿಳು ವ್ಯಾಪಾರಿಗಳ ಮಕ್ಕಳು, ಮರಿಮಕ್ಕಳೇ ಮಲಾಕಾ ಚಿಟ್ಟಿಗಳು. ಈ ದೇವಸ್ಥಾನ ಅವರದ್ದು.

ಗಾಳಿಯ ವಿಷಯ ಹೊನ್ನಾವರದ ಮನುಷ್ಯನಿಗೆ ಬಿಡಿಸಿ ಹೇಳಬೇಕಾಗಿಲ್ಲ. "ಹೌದು, ಗಾಳಿ ಬರಬೇಕಲ್ಲ" ಅಂದು ತಲೆಯಾಡಿಸಿದರು.

ಅವರ ಒಂದು ಪುಟ್ಟ ಕೇರಿ ಈಗಲೂ ಇದೆ, ಕಂಪುಂಗ್ ಚಿಟ್ಟಿ. ಜಾಂಕರ್ ಸ್ಟ್ರೀಟಿನಿಂದ ಕಾರಿನಲ್ಲಿ ಸ್ವಲ್ಪವೇ ದೂರ, ಆದರೆ ಟೂರಿಸ್ಟುಗಳು ಹೋಗೋದು ಕಡಿಮೆ. ಪೋರ್ಚುಗೀಸ್ ಮೂಲದವರ ಕೇರಿಗೂ ಹೋಗಬೇಕೆಂದಿತ್ತು, ಸಮಯ ಸಾಲಲಿಲ್ಲ. ಎರಡರಲ್ಲಿ ಒಂದು ಅಂದಾಗ ಇದನ್ನೇ ಆರಿಸಿದೆವು. ಗುಡಿ, ಹಂಚಿನ ಮನೆಗಳು, ಒಂದು ಚಿಕ್ಕ ಮ್ಯೂಸಿಯಂ. ಅಂಗಳದ ನೆರಳಲ್ಲಿ ಸರೊಂಗ್ ಉಟ್ಟು, ಹಣೆಗೆ ವಿಭೂತಿ ಇಟ್ಟ ಒಬ್ಬ ಅಜ್ಜಿ ಕೂತಿದ್ದರು. ನಾನು ನನ್ನ ಅರೆಬರೆ ತಮಿಳಿನಲ್ಲಿ ವಣಕ್ಕಂ ಹೇಳಿ ಏನೋ ಕೇಳಿದೆ. ಅವರು ನಕ್ಕು, ಇಂಗ್ಲಿಷಿನಲ್ಲಿ, "ತಮಿಳು ಬರಲ್ಲ ಮಗಳೇ. ನಮ್ಮಜ್ಜಿಗೂ ಬರ್ತಿರಲಿಲ್ಲ" ಅಂದರು.

ಆಮೇಲೆ ಪುಟ್ಟಿ ಕಡೆ ತಿರುಗಿ ಮಲಯದಲ್ಲಿ, "ಸುದಾ ಮಾಕಾನ್?"

"ಬೆಲುಮ್!" ಅಂದಳು ಇವಳು ತಟ್ಟನೆ.

ಊಟ ಆಯ್ತಾ? ಇನ್ನೂ ಇಲ್ಲ. (ಎರಡು ಕಪ್ ಚೆಂಡೋಲಿನಲ್ಲಿ ಅರ್ಧ ತಿಂದವಳು.) ಮಲಯದಲ್ಲೂ ಸಿಕ್ಕವರನ್ನು ಮೊದಲು ಕೇಳೋದು ಅದೇ, ಥೇಟ್ ನಮ್ಮ ಹಾಗೆ. ಪ್ಲೇ ಸ್ಕೂಲಿನ ಟೀಚರ್ ಕಲಿಸಿದ ಮಲಯದಲ್ಲಿ ಪುಟ್ಟಿ ಆ ಅಜ್ಜಿಯ ಮಡಿಲಿಗೇ ಹೋಗಿ ಕೂತಳು. ಹೆಸರು, ಸ್ಕೂಲು, ಬೆಕ್ಕು, ಎಲ್ಲ ವರದಿ. ಮೂರು ವಾರದಿಂದ ಅಪ್ಪನ ಕನ್ನಡಕ್ಕೆ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಿದ್ದ ಮೊಮ್ಮಗಳು ಯಾರೋ ಅಜ್ಜಿಯ ಜತೆ ಹೀಗೆ ಹರಟುವುದನ್ನು ಅಪ್ಪ ನೋಡುತ್ತಿದ್ದರು. ನಾನು ಅಪ್ಪನನ್ನು ನೋಡುತ್ತಿದ್ದೆ. ಹೊಟ್ಟೆಯಲ್ಲಿ ಏನೋ ಕಲಸಿದ ಹಾಗಾಯಿತು. ಆ ಮೇಲ್ ನೆನಪಾಯಿತು.

ಅಜ್ಜಿ ತಮ್ಮ ಫೋನಿನಲ್ಲಿ ಫೋಟೊ ತೋರಿಸಿದರು. ಪೊಂಗಲ್ ಹಿಂದಿನ ದಿನ ಮನೆಯಲ್ಲಿ ಮಾಡುವ ಪರ್ಚು. ನೆಲದ ಮೇಲೆ ಸಾಲಾಗಿ ಬಾಳೆಎಲೆ, ತೀರಿಹೋದ ಹಿರಿಯರಿಗಾಗಿ ಬಡಿಸಿದ್ದು. ಒಬ್ಬೊಬ್ಬರಿಗೆ ಏನೇನು ಇಷ್ಟವೋ ಅದೆಲ್ಲ ಇರಬೇಕು. ಅವರ ಗಂಡನಿಗೆ ಮೀನು ಸಾರು, ಅತ್ತೆಗೆ ಒಂದು ಬಗೆಯ ಸಿಹಿ ಕಡುಬು.

"ಎಡೆ" ಅಂದರು ಅಪ್ಪ. "ಎಡೆ ಹಾಕೋದು."

ನಾನು ಅದನ್ನ ಇಂಗ್ಲಿಷಿಗೆ ತಿರುಗಿಸಿದೆ. ಅಪ್ಪ ನನ್ನ ಮೂಲಕ ಕೇಳಿದ್ದು ಒಂದೇ ಪ್ರಶ್ನೆ: ಫೋಟೊದಲ್ಲಿ ಇರುವವರೆಲ್ಲ ಇಲ್ಲೇ ಇರೋರಾ? ಅಜ್ಜಿ ಬೆರಳಿಟ್ಟು ತೋರಿಸಿದರು. ಇವನು ಸಿಂಗಪುರದಲ್ಲಿ, ಇವಳು ಕೆಎಲ್, ಈ ಹುಡುಗಿ ಆಸ್ಟ್ರೇಲಿಯಾ. "ಆ ದಿನ ಬರ್ತಾರೆ" ಅಂದರು.

ಸಂಜೆ ಐದೂವರೆಯ ಬಸ್ಸು. ಪುಟ್ಟಿ ಹತ್ತುತ್ತಲೇ ನಿದ್ದೆ. ಜೋರು ಮಳೆ ಶುರುವಾಯಿತು. ನಾನೇ ಬಾಯಿಬಿಟ್ಟೆ. ಮೇಲ್ ಬಗ್ಗೆ ಹೇಳಿದೆ, ಇವಳ ಕನ್ನಡ ಹೀಗಾಗ್ತಿದೆ, ಇನ್ನೆರಡು ವರ್ಷ ಇದ್ದರೆ ನಿನ್ನ ಹತ್ತಿರ ಮಾತೇ ಆಡಲ್ಲ ಇವಳು ಅಂತೆಲ್ಲ.

ಅಪ್ಪ ಕಿಟಕಿ ಕಡೆ ನೋಡುತ್ತಿದ್ದರು. "ಅಡ್ಡಿಲ್ಲ" ಅಂದರು. "ಮಾತು ನಾನು ಹೇಗಾದ್ರೂ ಆಡ್ಕೊಳ್ತೆ. ಅಮ್ಮನಿಗೆ ಎಂತ ಎಲ್ಲ ಇಷ್ಟ ಇತ್ತು ಅಂತ ಅವಳಿಗೆ ಹೇಳಿದ್ಯಾ?"

ಹೇಳೋಣ ಅಂತ ಯೋಚಿಸಿದೆ. ಹುರಿದ ಬಂಗಡೆ. ಪತ್ರೊಡೆ. ಮೂರನೆಯದು ತಕ್ಷಣ ಹೊಳೆಯಲಿಲ್ಲ. ಅಮ್ಮ ಮಾಡಿದ್ದರಲ್ಲಿ ನನಗೆ ಏನು ಇಷ್ಟ ಅಂತ ಕೇಳಿದ್ದರೆ ಇಪ್ಪತ್ತು ಹೇಳುತ್ತಿದ್ದೆ. ಅಮ್ಮನಿಗೆ ಏನು ಇಷ್ಟ? ಪತ್ರೊಡೆಯೂ ಅವಳಿಗೆ ಇಷ್ಟ ಅಂತಲೋ, ನನಗೆ ಇಷ್ಟ ಅಂತ ಮಾಡುತ್ತಿದ್ದಳೋ, ಅನುಮಾನ ಬಂತು.

"ಪತ್ರೊಡೆ ಅವಳಿಗೆ ಅಷ್ಟಕ್ಕಷ್ಟೇ" ಅಂದರು ಅಪ್ಪ.

ಫೋನ್ ತೆಗೆದು ನೋಟ್ಸ್‌ನಲ್ಲಿ ಬರೆದುಕೊಳ್ಳಲು ಶುರು ಮಾಡಿದೆ. ಅಪ್ಪ ಹೇಳುತ್ತಾ ಹೋದರು. ಎಳೇ ಹಲಸಿನಕಾಯಿ ಪಲ್ಯ. ಹಿಂದಿನ ದಿನದ ಮೀನು ಸಾರು, ಬಿಸಿ ಮಾಡದೆ. ಗೋವಾಕ್ಕೆ ಹೋದಾಗ ತಿಂದ ಯಾವುದೋ ಸಿಹಿ, ಹೆಸರು ಅಪ್ಪನಿಗೂ ನೆನಪಿಲ್ಲ. ಕೆಎಲ್ ತಲುಪುವಷ್ಟರಲ್ಲಿ ಹದಿನಾಲ್ಕಾಗಿತ್ತು.

ಸೋಮವಾರ ಮೇಲಿಗೆ ಉತ್ತರಿಸಿದೆ. ಎರಡರ ಬದಲು ಒಂದು ವರ್ಷ ಆಗುತ್ತದೆಯೇ ಎಂದು ಕೇಳಿದ್ದೇನೆ, ಎಚ್‌ಆರ್‌ನವರು ನೋಡ್ತೀವಿ ಅಂದಿದ್ದಾರೆ. ಮಹಾಲಯ ಅಮಾವಾಸ್ಯೆಗೆ ಮೂವರಿಗೂ ಟಿಕೆಟ್ ಮಾಡಿಸಿದ್ದಂತೂ ಆಗಿದೆ. ಪಟ್ಟಿಯ ಕೊನೆಯಲ್ಲಿ ಇರುವುದು ಬನ್ಸ್. ಅಪ್ಪ ಅದನ್ನು ಬಸ್ಸಿಂದ ಇಳಿಯುವಾಗ ಹೇಳಿದ್ದು, ಜತೆಗೆ ಒಂದು ಎಚ್ಚರಿಕೆ: ಮನೇಲಿ ಮಾಡಿದ್ದು ನಡೆಯಲ್ಲ, ಬಸ್ ಸ್ಟ್ಯಾಂಡ್ ಹತ್ತಿರದ ಹೋಟೆಲಿಂದೇ ಆಗಬೇಕು, ಬೆಳಗ್ಗೆ ಎಂಟರೊಳಗೆ ಹೋದರೆ ಮಾತ್ರ ಸಿಗುತ್ತದೆ.